ಬರಿಗಾಲ ನಡಿಗೆ: ಮುಳ್ಳು ಚುಚ್ಚಿದ್ದು ಗೊತ್ತಾಗ್ಲಿಲ್ಲ ಅಂದ್ರೆ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮನೆಯವ್ರಿಗೆ 62 ವರ್ಷ, ಶುಗರ್ ಬಂದು 11 ವರ್ಷ ಆತು. ಈಗ ಮೊಬೈಲ್‌ನಾಗೆ ಯಾವ್ದೋ ವಿಡಿಯೋ ನೋಡ್ಕಂಡು ದಿನಾ ಬೆಳಗ್ಗೆ ಕುಂದವಾಡ ಕೆರೆ ಕಡೆ ಹೋಗಿ ಚಪ್ಪಲಿ ಕೈಯಾಗೆ ಹಿಡ್ಕಂಡು ಬರಿಗಾಲಲ್ಲಿ ನಡೀತಾರೆ, ಭೂಮಿ ಶಕ್ತಿ ಕಾಲಿಂದ ಮೈಗೆ ಹತ್ತುತ್ತೆ, ಶುಗರ್ ಇಳಿಯುತ್ತೆ ಅಂತಾರೆ. ಮೊನ್ನೆ ಜಾಲಿಮುಳ್ಳು ಚುಚ್ಚಿತ್ತು, ಅವ್ರಿಗೆ ಗೊತ್ತೇ ಆಗಿಲ್ಲ, ಹಾಸಿಗೆ ಮೇಲೆ ರಕ್ತ ನೋಡಿ ನಾನೇ ಹೇಳ್ದೆ. 9 ವರ್ಷದ ಮೊಮ್ಮಗನ್ನೂ ಕರ್ಕಂಡು ಹೋಗ್ತಾರೆ. ಏನ್ ಮಾಡ್ಲಿ?
– ಓದುಗರು, ದಾವಣಗೆರೆ

ಉತ್ತರ: ಅಮ್ಮಾ, ಪತ್ರ ಪೂರ್ತಿ ಓದಿದೆ, ಆದ್ರೆ ನನ್ನ ಕಣ್ಣು ನಿಂತಿದ್ದು ಒಂದೇ ಕಡೆ, ಮುಳ್ಳು ಚುಚ್ಚಿದ್ದು ಅವ್ರಿಗೆ ಗೊತ್ತೇ ಆಗಿಲ್ಲ ಅನ್ನೋ ಮಾತಿನ ಹತ್ರ. ಜಾಲಿಮುಳ್ಳು ಅಂದ್ರೆ ನಮ್ಮ ಸೀಮೆಯೋರಿಗೆ ಹೇಳ್ಬೇಕಾ, ಚುಚ್ಚಿದ್ರೆ ಜೀವ ಬಾಯಿಗೆ ಬರುತ್ತೆ. ಅದು ಗೊತ್ತಾಗ್ಲಿಲ್ಲ ಅಂದ್ರೆ ಸಕ್ಕರೆ ಕಾಯಿಲೆ ಅವ್ರ ಪಾದದ ನರಕ್ಕೆ ಪೆಟ್ಟು ಕೊಟ್ಟೈತೆ ಅನ್ಸುತ್ತೆ, ಇದು ಮೊದ್ಲು ಕಾಲ್ಬೆರಳಿಂದ ಶುರುವಾಗಿ ನಿಧಾನಕ್ಕೆ ಮೇಲೆ ಏರುತ್ತೆ. ನೋವು ಗೊತ್ತಾಗದ ಕಾಲಿಗೆ ಸಣ್ಣ ಗಾಯ ಆದ್ರೂ ಯಾರೂ ನೋಡಲ್ಲ, ಅದ್ರ ಮೇಲೇ ನಡೀತಾ ನಡೀತಾ ಹುಣ್ಣಾಗುತ್ತೆ, ರಕ್ತ ಓಡಾಟನೂ ಕಮ್ಮಿ ಇದ್ರೆ ಮಾಯಲ್ಲ, ಕೊನೆಗೆ ಬೆರಳು ತೆಗೀಬೇಕು ಅನ್ನೋ ತನಕ ಹೋಗುತ್ತೆ.

ಹಂಗಾಗಿ ಅವ್ರ ಬರಿಗಾಲ ನಡಿಗೆ ಇವತ್ತಿಂದ್ಲೇ ನಿಲ್ಲಿಸ್ಬೇಕು, ಮನೆ ಒಳಗೂ ಚಪ್ಪಲಿ ಬೇಕು. ನಾಳೆನೇ ಡಾಕ್ಟರ್‌ಗೆ ತೋರಿಸಿ, ಮುಳ್ಳಿನ ತುದಿ ಒಳಗೇ ಮುರ್ಕಂಡಿರಬೋದು, ಟಿಟಿ ಇಂಜೆಕ್ಷನ್ ಹಾಕಿಸಿ 5 ವರ್ಷ ಆಗಿದ್ಯಾ ಅಂತನೂ ಕೇಳ್ತಾರೆ, ಯಾಕಂದ್ರೆ ಧನುರ್ವಾಯು ರೋಗಾಣು ಮಣ್ಣಲ್ಲೇ ಇರುತ್ತೆ. ಹಂಗೇ ಪಾದದ ಸ್ಪರ್ಶ ಪರೀಕ್ಷೆ ಮಾಡ್ಸಿ, ನೈಲಾನ್ ಎಳೆ ಥರದ್ದನ್ನ ಪಾದಕ್ಕೆ ಒತ್ತಿ ಗೊತ್ತಾಗುತ್ತಾ ಅಂತ ಕೇಳ್ತಾರೆ ಅಷ್ಟೇ, ನೋವಿಲ್ಲ. ಎಂಸಿಆರ್ ಅನ್ನೋ ರಬ್ಬರಿನ ಚಪ್ಪಲಿ ಸಿಗುತ್ತೆ, ಮೆತ್ತಗಿರುತ್ತೆ, ಹಿಂದೆ ಪಟ್ಟಿ ಇರೋದೇ ತಗಳ್ಳಿ. ದೇವಸ್ಥಾನಕ್ಕೆ ಹೋದ್ರೆ ಬಿಸಿಲೇರೋ ಮುಂಚೆ ಹೋಗಿ, ಏಪ್ರಿಲ್‌ನಾಗೆ ನಮ್ಮ ಕಡೆ ಕಲ್ಲುಹಾಸು ಹೆಂಚಿನಂಗೆ ಕಾದಿರುತ್ತೆ, ಸ್ಪರ್ಶ ಇಲ್ಲದೋರ ಅಂಗಾಲು ಸುಟ್ಟು ಬೊಬ್ಬೆ ಬಂದ್ರೂ ಗೊತ್ತಾಗಲ್ಲ.

ನಡೆಯೋದು ಮಾತ್ರ ಬಿಡಿಸ್ಬೇಡಿ! ಗಾಯ ಮಾದ ಮೇಲೆ, ಡಾಕ್ಟರ್ ಹೂಂ ಅಂದ್ರೆ ನಡೀಲಿ. ಶುಗರ್ ಇಳಿಸೋದು ನಡಿಗೆನೇ, ಕಾಲಿನ ಸ್ನಾಯು ಕೆಲ್ಸ ಮಾಡಿದಾಗ ರಕ್ತದ ಸಕ್ಕರೆ ಎಳ್ಕಳುತ್ತೆ, ಚಪ್ಪಲಿ ಹಾಕ್ಕಂಡ್ರೂ ಎಳ್ಕಳುತ್ತೆ. ಭೂಮಿ ಶಕ್ತಿ, ಎಲೆಕ್ಟ್ರಾನ್ ಅಂತ ವಿಡಿಯೋದಾಗೆ ಹೇಳೋದಕ್ಕೆ ಸಣ್ಣಪುಟ್ಟ ಅಧ್ಯಯನ ಅವೆ ಅಷ್ಟೇ, ಅದನ್ನ ನಂಬಿ ಒಂದು ಮಾತ್ರೆನೂ ಬಿಡ್ಬಾರ್ದು.

ಮೊಮ್ಮಗನ ವಿಷ್ಯ ಬೇರೆ, ಅವ್ನು ಬರಿಗಾಲಲ್ಲಿ ಆಡ್ಲಿ ಅಂತ ನನಗೆ ಖುಷಿನೇ. ನಾವೆಲ್ಲ ದುರ್ಗದ ಕೋಟೆ ಬಂಡೆ ಬರಿಗಾಲಲ್ಲೇ ಹತ್ತಿದೋರು, ಬೆರಳು ಕಲ್ಲನ್ನ ಹಿಡಿಯೋ ಹಿಡಿತ ಬೂಟಿನಾಗೆ ಬರಲ್ಲ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರು 2300 ಮಕ್ಕಳ ಹೆಜ್ಜೆ ಅಚ್ಚು ತಗಂಡು ನೋಡಿ 1992ರಲ್ಲಿ ಪ್ರಕಟಿಸಿದ್ರು, ಚಪ್ಪಲಿ ಬೂಟು ಹಾಕೋ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 8.6, ಬರಿಗಾಲ ಮಕ್ಕಳಲ್ಲಿ ಬರೀ 2.8. ಆದ್ರೆ ಜನ ಬಯಲಿಗೆ ಹೋಗೋ ಕಡೆ ಹಸಿ ಮಣ್ಣಿಗೆ ಬಿಡ್ಬೇಡಿ, ಕೊಕ್ಕೆಹುಳದ ಮರಿ ಅಂಗಾಲಿನ ಚರ್ಮದಿಂದ್ಲೇ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತೆ. ಶಾಲೇಲಿ ಕೊಡೋ ಜಂತುಹುಳದ ಮಾತ್ರೆ ತಪ್ಪಿಸ್ಬೇಡಿ, 10 ತುಂಬಿದ ಕೂಡ್ಲೇ ಧನುರ್ವಾಯು, ಗಂಟಲಮಾರಿ ತಡೆಯೋ ಟಿಡಿ ಇಂಜೆಕ್ಷನ್ನೂ ಹಾಕ್ಸಿ.

ಇನ್ನೊಂದು, ದಿನಾ ರಾತ್ರಿ ಅಜ್ಜನ ಪಾದ ನೋಡೋ ಕೆಲ್ಸ ಆ ಹುಡುಗನಿಗೇ ಕೊಡಿ. ಅಂಗಾಲು, ಹಿಮ್ಮಡಿ, ಬೆರಳ ಸಂದಿ, ಕೆಂಪಗಾಗಿದ್ಯಾ, ಬಿರುಕು ಬಿಟ್ಟಿದ್ಯಾ ಅಂತ. ನೀವು ಬೈದ್ರೆ ಕೇಳದಿದ್ರೂ ಮೊಮ್ಮಗ ಕಾಲು ಹಿಡ್ಕಂಡು ಕೂತ್ರೆ ಅವ್ರು ಬೇಡ ಅನ್ನಲ್ಲ.