‘ಎಷ್ಟು ಸೆಂಟ್?’

ನಮಸ್ಕಾರ. ‘ಗುರುತ್ವ ಎಳೆಯುವುದಿಲ್ಲ, ತಳ್ಳುತ್ತದೆ’ ಎಂಬ ನಿಮ್ಮ ಲೇಖನ ಮೂಡಿಗೆರೆಯಿಂದ ನಮ್ಮ ಪತ್ರಿಕೆಗೆ ಬಂದು ತಲುಪಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ. ರಾತ್ರಿ ಎರಡು ಸಲ ಓದಿದೆ. ಎರಡನೇ ಸಲ ಸಿಟ್ಟು ಬಂತು.

ಎರಡನೇ ಪುಟದಲ್ಲಿ ಹೀಗಿದೆ: ‘ಕ್ವಾಂಟಂ ಕಣಗಳು ಎಲ್ಲ ಕಡೆಯಿಂದ ನಮ್ಮನ್ನು ತಳ್ಳುತ್ತಿವೆ, ಕೆಳಗಿನಿಂದ ಬರುವವನ್ನು ಭೂಮಿ ತಡೆಯುವುದರಿಂದ ಮೇಲಿನ ತಳ್ಳುವಿಕೆ ಗೆಲ್ಲುತ್ತದೆ.’ ಸೊಗಸಾಗಿದೆ. ಆದರೆ 1690ರಲ್ಲಿ ಫಾಟಿಯೊ ಎಂಬ ಸ್ವಿಸ್ ಗಣಿತಜ್ಞ, ಮುಂದಿನ ಶತಮಾನದಲ್ಲಿ ಜಿನೀವಾದ ಭೌತವಿಜ್ಞಾನಿ ಲೆ ಸಾಜ್ ಹೇಳಿದ್ದೂ ಇದನ್ನೇ. ನೀವು ಸೇರಿಸಿದ್ದು ‘ಕ್ವಾಂಟಂ’ ಒಂದೇ. ಅದನ್ನು ತೆಗೆದು ಓದಿ ನೋಡಿ, ವಾಕ್ಯಕ್ಕೆ ಏನೂ ಆಗುವುದಿಲ್ಲ.

ಮುಂದಿನ ಸಾಲು: ‘ಇದರಿಂದ ಗ್ರಹಗಳ ಚಲನೆ ಸುಲಭವಾಗಿ ಅರ್ಥವಾಗುತ್ತದೆ.’ ಎಲ್ಲಿ ಸ್ವಾಮಿ? ಮಳೆಯಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು, ಹನಿ ಬೆನ್ನಿಗಿಂತ ಮುಖಕ್ಕೇ ಹೆಚ್ಚು ಬಡಿಯುತ್ತದೆ. ಓಡುವ ಭೂಮಿಗೂ ನಿಮ್ಮ ಕಣಗಳು ಹಾಗೇ ಬಡಿದು, ವೇಗ ಕುಗ್ಗಿ, ಅದು ಸೂರ್ಯನತ್ತ ಸರಿಯಬೇಕು. ತಡೆದ ಕಣಗಳ ಶಕ್ತಿಗೆ ಭೂಮಿ ಕಾದು ಕೆಂಪಾಗಬೇಕು. ಈ ಕಾವಿನ ತಕರಾರು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1875ರಲ್ಲೇ ಎತ್ತಿದ್ದು. ಬುಧನ ಕಕ್ಷೆ ನ್ಯೂಟನ್ ಲೆಕ್ಕಕ್ಕಿಂತ ಶತಮಾನಕ್ಕೆ 43 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3,600 ಆರ್ಕ್‌ಸೆಕೆಂಡ್) ಹೆಚ್ಚಿಗೆ ತಿರುಗುತ್ತದೆ. 1915ರಲ್ಲಿ ಐನ್‌ಸ್ಟೈನ್ ಲೆಕ್ಕಕ್ಕೆ ಸಿಕ್ಕಿದ್ದೂ ಅಷ್ಟೇ. ನಿಮ್ಮ ಲೆಕ್ಕಕ್ಕೆ ಎಷ್ಟು? ಹನ್ನೊಂದು ಪುಟದಲ್ಲಿ ಪುಟಸಂಖ್ಯೆ ಬಿಟ್ಟರೆ ಒಂದು ಅಂಕಿ ಇಲ್ಲ.

ನಾನು ಚಿಕ್ಕಮಗಳೂರಿನಲ್ಲಿ ಪತ್ರಿಕೆ ಸೇರಿದ ಹೊಸತು. ಮಾರ್ಚಿನಲ್ಲಿ ‘ಉತ್ತಮ ಹೂಮಳೆ, ಬೆಳೆಗಾರರ ಮೊಗದಲ್ಲಿ ಸಂತಸ’ ಎಂದು ಬರೆದುಕೊಟ್ಟೆ. ಸಂಪಾದಕರು ತಲೆ ಎತ್ತದೆ ಕೇಳಿದರು: ‘ಎಷ್ಟು ಸೆಂಟ್?’ ನಾನು ಸುಮ್ಮನಿದ್ದೆ. ಆಲ್ದೂರಿನ ಬಸ್ಸು ಹತ್ತಿಸಿದರು. ಕಾಫಿ ತೋಟದ ಲೆಕ್ಕ ಬರೆಯುವ ರೈಟರು ಮಳೆ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು: ಮೂವತ್ತೈದು ಸೆಂಟ್. ನೂರು ಸೆಂಟಾದರೆ ಒಂದು ಇಂಚು. ಮಳೆ ಸಾಲದೆ ಗಿಡದಲ್ಲಿ ಮೊಗ್ಗು ಅರೆಬರೆ ಬಿರಿದು ನಿಂತಿತ್ತು. ‘ಇದಕ್ಕಿಂತ ಬರದೇ ಇದ್ದಿದ್ರೆ ಚೆನ್ನಾಗಿತ್ತು’ ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಆ ‘ಸಂತಸ’ವನ್ನು ನಾನೇ ಹೊಡೆದುಹಾಕಿದೆ.

ನಿಮ್ಮ ಕೊನೆಯ ಪುಟದ ‘ಗೆಲಿಲಿಯೊನನ್ನೂ ಜಗತ್ತು ನಂಬಲಿಲ್ಲ’ ಎಂಬುದನ್ನೂ ಹೊಡೆದಿದ್ದೇನೆ. ಲಂಡನ್ನಿನ ಭೌತವಿಜ್ಞಾನಿ ಜೊನಾಥನ್ ಒಪನ್‌ಹೈಮ್ 2023ರಲ್ಲಿ, ಗುರುತ್ವಕ್ಕೆ ಕ್ವಾಂಟಂ ರೂಪವೇ ಇಲ್ಲದಿರಬಹುದು ಎಂಬ ಸಿದ್ಧಾಂತ ಪ್ರಕಟಿಸಿದರು. ಅದೂ ಪ್ರವಾಹದ ವಿರುದ್ಧದ ಈಜೇ. ಆದರೆ ಅದು ನಿಜವಾದರೆ ಒಂದೇ ವಸ್ತುವಿನ ತೂಕ ಅಳೆದಾಗಲೆಲ್ಲ ತುಸು ಏರಿಳಿಯಬೇಕು, ಅಳೆದು ನೋಡಿ ಎಂದು ತಮ್ಮನ್ನು ಸೋಲಿಸುವ ದಾರಿಯನ್ನೂ ಜೊತೆಗೇ ಕೊಟ್ಟರು.

ಬುಧನ ಲೆಕ್ಕ ಮಾಡಿ ಕಳಿಸಿ. ತಪ್ಪು ಉತ್ತರ ಬಂದರೂ ಕಳಿಸಿ, ಅದನ್ನು ಹಾಕುತ್ತೇನೆ. ಸ್ಟಾಂಪ್ ಹಚ್ಚಿದ ಕವರ್ ಇಟ್ಟಿದ್ದಿರಲ್ಲ, ಹಾಳೆಗಳು ಅದರಲ್ಲೇ ವಾಪಸ್ ಬರುತ್ತಿವೆ.