ಸಮುದ್ರದ ಬಳಿಯ ಕಾರ್ಖಾನೆಗಳಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಏಕೆ ತುಕ್ಕು ಹಿಡಿಯುತ್ತದೆ? ಬದಲಿಗೆ ಯಾವುದನ್ನು ಆರಿಸಬೇಕು?

ಇದಕ್ಕೆ ಕಾರಣ ಉಪ್ಪಿನಲ್ಲಿರುವ ಕ್ಲೋರೈಡ್. ಉಪ್ಪುಗಾಳಿ ತಾಗುವ ಪೈಪು, ಕಂಬಿಗಳಿಗೆ ಸಾಮಾನ್ಯವಾಗಿ 316 ದರ್ಜೆ ಸಾಕು. ಸಮುದ್ರದ ನೀರೇ ಸದಾ ಹರಿಯುವ ಕಡೆ ಅದೂ ಸಾಲದು, ಸೂಪರ್ ಡ್ಯೂಪ್ಲೆಕ್ಸ್ ಸ್ಟೀಲ್ (ಕ್ರೋಮಿಯಂ ಇನ್ನೂ ಹೆಚ್ಚಿರುವ ಸ್ಟೇನ್‌ಲೆಸ್ ಸ್ಟೀಲ್) ಅಥವಾ ಟೈಟಾನಿಯಂ ಬೇಕಾಗುತ್ತದೆ.

ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು, ಅದರಲ್ಲಿರುವ ಕ್ರೋಮಿಯಂ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಕಟ್ಟುವ, ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ. ಗೀರು ಬಿದ್ದರೂ ಅದು ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಕ್ಲೋರೈಡ್ ಈ ಪದರವನ್ನು ಅಲ್ಲಲ್ಲಿ ಭೇದಿಸುತ್ತದೆ, ಹಾಗೆ ಬಿದ್ದ ಸಣ್ಣ ಗುಳಿಯೊಳಗಿನ ದ್ರವ ಆಮ್ಲೀಯವಾಗುತ್ತಾ ಹೋಗಿ ಪದರ ಮರಳಿ ಕಟ್ಟಿಕೊಳ್ಳಲು ಬಿಡುವುದಿಲ್ಲ. ಹೊರಗೆ ಕಾಣುವುದು ಸೂಜಿಮೊನೆಯಷ್ಟು ಕಂದು ಚುಕ್ಕೆ. ಒಳಗೆ ಪೈಪಿನ ಗೋಡೆಯನ್ನೇ ತೂರಿಹೋಗುವ ರಂಧ್ರವಿರಬಹುದು. 316ರಲ್ಲಿ ಬೆರೆಸಿರುವ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಎಂಬ ಲೋಹ ಇಂತಹ ಗುಳಿಗಳು ಹುಟ್ಟುವುದನ್ನೂ ಬೆಳೆಯುವುದನ್ನೂ ಕಷ್ಟವಾಗಿಸುತ್ತದೆ.

ದರ್ಜೆಗಳನ್ನು ಹೋಲಿಸಲು ಎಂಜಿನಿಯರುಗಳು ಒಂದು ಅಂಕ ಬಳಸುತ್ತಾರೆ: ಕ್ರೋಮಿಯಂನ ಶೇಕಡಾ ಪ್ರಮಾಣಕ್ಕೆ ಮಾಲಿಬ್ಡಿನಂನ 3.3 ಪಟ್ಟನ್ನೂ ಸಾರಜನಕದ 16 ಪಟ್ಟನ್ನೂ ಕೂಡಿಸುವುದು. ಇದು 304ಕ್ಕೆ ಸುಮಾರು 19, 316ಕ್ಕೆ ಸುಮಾರು 25 ಬರುತ್ತದೆ. ಸಮುದ್ರದ ನೀರಿಗೆ 40 ದಾಟಿರಬೇಕೆಂಬುದು ರೂಢಿಯ ಲೆಕ್ಕ. ಆದರೆ ಈ ಅಂಕವೊಂದನ್ನೇ ನಂಬಿ ಖರೀದಿಸುವುದು ಸರಿಯಲ್ಲ. ಗ್ಯಾಸ್ಕೆಟ್‌ನ ಅಡಿಯಲ್ಲಿ, ಬೋಲ್ಟಿನ ತಲೆಯ ಕೆಳಗೆ ಆಮ್ಲಜನಕ ತಲುಪದೆ ಉಪ್ಪು ಸಾಂದ್ರವಾಗುವುದರಿಂದ ಅಲ್ಲಿ ಉತ್ತಮ ದರ್ಜೆಯೂ ಸೋಲಬಹುದು, ಮತ್ತು ನೀರು ಬಿಸಿಯಾದಷ್ಟೂ ಈ ಅಪಾಯ ಹೆಚ್ಚುತ್ತದೆ.