ಎಲ್ಲಿದ್ದರೇನು ಅಂದ್ರೆ ಹೇಗೆ, ಮೇಷ್ಟ್ರೇ?

ದಾವಣಗೆರೆಯ ವಿದ್ಯಾನಗರದಿಂದ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಕರುಳಿನಲ್ಲಿ ಎಲ್ಲಿ ಕೂತಿದೆ ಅಂತ ಕಳೆದ ಸಂಚಿಕೆಯಲ್ಲಿ ಅರ್ಧ ಪುಟ ಯಾಕೆ? ಕಿಣ್ವ ಎಷ್ಟಿದೆ ಅನ್ನೋದು ಮುಖ್ಯ. ಎಲ್ಲಿದ್ದರೇನು?"

ಎಷ್ಟಿದೆ ಅನ್ನೋದೂ ಮುಖ್ಯವೇ, ಒಪ್ಪಿದೆ. ದೊಡ್ಡವರಾದ ಮೇಲೆ ಬಹಳ ಜನರಿಗೆ ಲ್ಯಾಕ್ಟೇಸ್ ಕಡಿಮೆಯಾಗುತ್ತದೆ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. (ಬೆಣ್ಣೆ ದೋಸೆಯನ್ನು ಸುಮ್ನೆ ದೂರಬೇಡಿ. ಬೆಣ್ಣೆಯಲ್ಲಿ ಆ ಸಕ್ಕರೆ ತೀರಾ ಕಡಿಮೆ.)

ಆದರೆ ಲ್ಯಾಕ್ಟೇಸ್ ಕೂತಿರುವುದು ಕರುಳಿನ ಒಳಪದರದ ಜೀವಕೋಶದ ಮೇಲಂಚಿನಲ್ಲಿ, ಊಟ ಹರಿಯುವ ಕಡೆ. ಅದೇ ಜೀವಕೋಶದೊಳಗೆ, ಲೈಸೋಸೋಮ್ ಎಂಬ ಚೀಲದಲ್ಲಿ, ಲ್ಯಾಕ್ಟೋಸ್ (ಅದೇ ಹಾಲಿನ ಸಕ್ಕರೆ) ಒಡೆಯಬಲ್ಲ ಇನ್ನೊಂದು ಕಿಣ್ವ ಇದೆ. ಅದಕ್ಕೆ ಹುಳಿ ವಾತಾವರಣ ಬೇಕು. ನಾವು ಕುಡಿದ ಹಾಲಿನ ಲ್ಯಾಕ್ಟೋಸ್ ಅಲ್ಲಿವರೆಗೆ ಹೋಗುವುದೇ ಇಲ್ಲ. ಹಾಗಾಗಿ ಲ್ಯಾಕ್ಟೇಸ್ ಕಡಿಮೆಯಾದವರಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಮಾಮೂಲಿ ಸಕ್ಕರೆ ಒಡೆಯುವ ಸುಕ್ರೇಸ್ ಎಂಬ ಕಿಣ್ವದ ಕಥೆ ಇನ್ನೂ ಗಟ್ಟಿ. ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಅದು ತಯಾರಾಗಿಯೂ ಜೀವಕೋಶದ ಒಳಗೇ ಸಿಕ್ಕಿಕೊಳ್ಳುತ್ತದೆ. ಇನ್ನು ಕೆಲವರಲ್ಲಿ ಊಟ ಹರಿಯುವ ಕಡೆಗೆ ಹೋಗಬೇಕಾದದ್ದರಲ್ಲಿ ಒಂದಷ್ಟು ದಾರಿತಪ್ಪಿ ರಕ್ತನಾಳದ ಕಡೆಯ ಗೋಡೆ ಸೇರುತ್ತದೆ. ಕೆಲಸ ಬಲ್ಲ ಕಿಣ್ವವೇ, ಆದರೂ ಹಣ್ಣು, ಸಕ್ಕರೆ ತಿನ್ನಿಸಿದರೆ ಮಗುವಿಗೆ ಭೇದಿ. ಈಗ ಹೇಳಿ, ಎಷ್ಟಿದ್ದರೇನು?

ಈ ಕಿಣ್ವಗಳು ಕರುಳಿನ ರಸದಲ್ಲಿ ಸುರಿಯುತ್ತವೆ ಅಂತಲೇ ಮೊದಲು ನಂಬಿದ್ದರು. 1961ರಲ್ಲಿ ಮಿಲ್ಲರ್ ಮತ್ತು ಕ್ರೇನ್ ಎಂಬ ವಿಜ್ಞಾನಿಗಳು ಜೀವಕೋಶದ ಮೇಲಂಚಿನ ಕೂದಲಿನಂಥ ಪದರವನ್ನು, ಅಂದರೆ ಬ್ರಷ್ ಬಾರ್ಡರನ್ನು, ಬೇರ್ಪಡಿಸಿ ನೋಡಿದರು. ಕಿಣ್ವ ಅಲ್ಲೇ ಅಂಟಿಕೊಂಡಿತ್ತು! ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುವ ಬಾಗಿಲೂ ಅದೇ ಅಂಚಿನಲ್ಲಿದೆ. ಒಡೆದದ್ದು ಪಕ್ಕದಲ್ಲೇ ಒಳಗೆ ಹೋಗುತ್ತದೆ. ಭೇದಿಯಾದ ಮಗುವಿಗೆ ಕೆಲವು ದಿನ ಹಾಲು ಒಗ್ಗದಿರುವುದೂ ಇದೇ ಕಾರಣಕ್ಕೆ. ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಪುಟ್ಟ ಚಾಚುಗಳಿವೆ. ಲ್ಯಾಕ್ಟೇಸ್ ಹೊತ್ತ ಬಲಿತ ಜೀವಕೋಶಗಳು ಇರುವ ಅವುಗಳ ತುದಿಗೇ ಮೊದಲ ಏಟು. ಬುಡದಲ್ಲಿ ಹುಟ್ಟಿದ ಹೊಸವು ಮೇಲೇರಿ ಬಲಿಯುವವರೆಗೆ ಕಾಯಬೇಕು.

ನಿಮ್ಮಂಥ ಒಳ್ಳೆಯ ಮೇಷ್ಟ್ರೇ ಹೀಗೆ ಬರೆದರೆ ಬೇಜಾರಾಗುತ್ತದೆ. ಮಕ್ಕಳು ಇವತ್ತಿಗೂ ಕಿಣ್ವಗಳ ಹೆಸರನ್ನು 'ಹೊಂದಿಸಿ ಬರೆಯಿರಿ'ಗಾಗಿ ಉರು ಹೊಡೆಯುತ್ತವೆ. ಜಗಳೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಸೂಕ್ಷ್ಮದರ್ಶಕ ಕೇಳಿದೆ. ಸ್ಟಾಕ್ ಪುಸ್ತಕದಲ್ಲಿ ನಾಲ್ಕು ಇದ್ದವು. ನಾಲ್ಕೂ ಹೆಡ್‌ಮೇಷ್ಟ್ರ ಬೀರುವಿನೊಳಗೆ! ಮಕ್ಕಳು ಒಂದನ್ನೂ ಮುಟ್ಟಿರಲಿಲ್ಲ. ನಿಮ್ಮ ಕಾಲದಲ್ಲಿ ಬೀರುವಿನ ಕೀ ಯಾರ ಹತ್ತಿರ ಇರುತ್ತಿತ್ತು, ಮೇಷ್ಟ್ರೇ? ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇವೆ.

— ಸಂಪಾದಕ